ಸಂದರ್ಶನದಲ್ಲಿ ಪೂರ್ವಗ್ರಹಕ್ಕೆ ನಾನು ಹಾಕುವ ಕಡಿವಾಣ

ಕೆಲಸಕ್ಕೆ ಅರ್ಜಿ ಹಾಕಿದವರ ಸಂದರ್ಶನ ನಡೆಸುವುದು ನನ್ನ ಕಸುಬು. ಅಭ್ಯರ್ಥಿ ಒಳಗೆ ಬರುವಷ್ಟರಲ್ಲಿ ಅವರ ಬಗ್ಗೆ ಅರ್ಧ ತೀರ್ಪು ನಮ್ಮ ತಲೆಯಲ್ಲಿ ತಯಾರಾಗಿರುತ್ತದೆ. ಹೆಸರು, ಫೋಟೊ, ಓದಿದ ಕಾಲೇಜು, "ಸ್ವಲ್ಪ ಮುಂಗೋಪಿಯಂತೆ" ಎಂದು ಯಾರೋ ಅಂದ ಮಾತು, ಇಷ್ಟೇ ಸಾಕು.

ಮನಃಶಾಸ್ತ್ರಜ್ಞ ಹೆರಾಲ್ಡ್ ಕೆಲ್ಲಿ 1950ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಅತಿಥಿ ಉಪನ್ಯಾಸಕರ ಪರಿಚಯದ ಚೀಟಿಯನ್ನು ವಿದ್ಯಾರ್ಥಿಗಳಿಗೆ ಹಂಚಲಾಯಿತು. ಕೆಲವರ ಚೀಟಿಯಲ್ಲಿ "ತುಂಬ ಆತ್ಮೀಯ ಸ್ವಭಾವ" ಎಂದಿತ್ತು, ಉಳಿದವರದರಲ್ಲಿ "ತುಸು ಶುಷ್ಕ ಸ್ವಭಾವ", ಮಿಕ್ಕಿದ್ದೆಲ್ಲ ಒಂದೇ. ಕೂತದ್ದು ಒಂದೇ ತರಗತಿ, ಕೇಳಿದ್ದು ಒಂದೇ ಪಾಠ. ಆದರೂ ಚರ್ಚೆಗೆ ಇಳಿದವರು ಮೊದಲ ಗುಂಪಿನಲ್ಲಿ ಶೇ 56, ಎರಡನೆಯದರಲ್ಲಿ ಶೇ 32. ನಂಬಿಕೆ ಅಭಿಪ್ರಾಯವನ್ನಷ್ಟೇ ಅಲ್ಲ, ನಡವಳಿಕೆಯನ್ನೂ ಬದಲಿಸುತ್ತದೆ. ಅಭ್ಯರ್ಥಿ ಮುಂಗೋಪಿ ಎಂದು ನಂಬಿದ ಸಂದರ್ಶಕರು "ಸಹೋದ್ಯೋಗಿ ಜತೆ ಜಗಳವಾದಾಗ ಏನು ಮಾಡಿದಿರಿ?" ಎಂದೇ ಕೇಳುತ್ತಾರೆ. ಯಾರನ್ನು ಕೇಳಿದರೂ ಒಂದು ಜಗಳ ನೆನಪಾಗುತ್ತದೆ, ನಂಬಿಕೆಗೆ ಸಾಕ್ಷಿ ಸಿಕ್ಕಂತಾಗುತ್ತದೆ.

ಹಾಗಾಗಿ ಅರ್ಜಿ ಓದುವ ಮೊದಲೇ ನಾನು ಆರು ಪ್ರಶ್ನೆ ಬರೆದಿಡುತ್ತೇನೆ. ಎಲ್ಲರಿಗೂ ಅವೇ, ಅದೇ ಕ್ರಮದಲ್ಲಿ. ಪ್ರತಿ ಪ್ರಶ್ನೆಗೆ 1ರಿಂದ 5 ಅಂಕ. 1, 3, 5ಕ್ಕೆ ಎಂಥ ಉತ್ತರ ಎಂಬುದನ್ನೂ ಮೊದಲೇ ಬರೆದಿರಬೇಕು. ಇದನ್ನು ಬಿಟ್ಟರೆ ಎಲ್ಲರಿಗೂ 3 ಬೀಳುತ್ತದೆ, ಕೊನೆಗೆ ಆಯ್ಕೆ ಮತ್ತೆ "ಯಾಕೋ ಹಿಡಿಸಿದರು" ಎನ್ನುವಲ್ಲಿಗೇ ಬರುತ್ತದೆ. ಹೆಸರು, ಫೋಟೊ, ಕಾಲೇಜನ್ನು ಬೇರೊಬ್ಬರಿಂದ ಮುಚ್ಚಿಸುತ್ತೇನೆ.

ತುಂಬ ಜನ ಎಡವುವುದು ಟಿಪ್ಪಣಿಯಲ್ಲಿ. "ಆತ್ಮವಿಶ್ವಾಸ ಕಡಿಮೆ" ಎನ್ನುವುದು ತೀರ್ಪು. "ಹತ್ತು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಮೂರು ಕಾರಣ ಕೊಟ್ಟರು" ಎನ್ನುವುದು ನಡೆದದ್ದು. ಜಾಣರೆಂದು ನಾವು ಮೊದಲೇ ನಂಬಿದ ಅಭ್ಯರ್ಥಿ ಸುಮ್ಮನಿದ್ದರೆ "ಯೋಚಿಸಿ ಮಾತಾಡುತ್ತಾರೆ" ಅನ್ನುತ್ತೇವೆ. ನಂಬಿಕೆ ಇಲ್ಲದಿದ್ದರೆ ಅದೇ ಮೌನಕ್ಕೆ "ಗೊತ್ತಿಲ್ಲ" ಎಂಬ ಹಣೆಪಟ್ಟಿ. ಎಡಗಡೆ ಆಡಿದ ಮಾತು, ಬಲಗಡೆ ಅಂಕ, ಇಷ್ಟನ್ನೇ ಬರೆಯಿರಿ.

ಅಂಕವನ್ನು ಉತ್ತರ ಮುಗಿದ ಕೂಡಲೇ ಹಾಕಬೇಕು. ಕೊನೆಗೆ ಒಟ್ಟಿಗೆ ಹಾಕಿದರೆ ಒಂದು ಒಳ್ಳೆಯ ಉತ್ತರದ ಹೊಳಪು ಉಳಿದ ಐದಕ್ಕೂ ಅಂಟುತ್ತದೆ. ಸಂದರ್ಶಕರು ಇಬ್ಬರಿದ್ದರೆ ಹಾಳೆ ಒಪ್ಪಿಸುವವರೆಗೂ ಮಾತಾಡಬಾರದು, ಹಿರಿಯರು ಬಾಯಿಬಿಟ್ಟ ಮೇಲೆ ಕಿರಿಯರ ಅಂಕ ಅತ್ತಲೇ ವಾಲುತ್ತದೆ. ಯಾವುದೇ ಪ್ರಶ್ನೆಗೆ ಇಬ್ಬರ ಅಂಕದಲ್ಲಿ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಚರ್ಚೆಗೆ ಮುಂಚೆ ಇಬ್ಬರೂ ಎಡಗಡೆಯ ಬರಹವನ್ನು ಓದಿ ಹೇಳಬೇಕು. ಅಲ್ಲಿ ಏನೂ ಬರೆಯದವರ ಅಂಕವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.