ಮಳೆ ನಕ್ಷತ್ರಗಳನ್ನು ಚಳಿಗಾಲದಲ್ಲಿ ಮಕ್ಕಳಿಗೆ ತೋರಿಸಿ

ಡಿಸೆಂಬರ್ ಮೊದಲ ವಾರ ದಾಟಿದರೆ ನಮ್ಮ ಚಿತ್ರದುರ್ಗದಲ್ಲಿ ಹಿಂಗಾರು ಮೋಡ ಹೆಚ್ಚುಕಡಿಮೆ ಖಾಲಿ. ಸಂಜೆ ಏಳಕ್ಕೆಲ್ಲ ಪೂರ್ತಿ ಕತ್ತಲು. ಮಕ್ಕಳು ಇನ್ನೂ ಎಚ್ಚರವಾಗಿರುತ್ತಾರೆ, ಊಟಕ್ಕೂ ಹೊತ್ತಿರುತ್ತದೆ. ಆಕಾಶ ತೋರಿಸುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಕತ್ತಲಾಗುವುದೇ ತಡ, ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲ.

ಟೆಲಿಸ್ಕೋಪ್ ಕೊಡಿಸಬೇಕಾ ಅಂತ ಎಳೆಯ ತಂದೆ-ತಾಯಂದಿರು ಕೇಳುತ್ತಿರುತ್ತಾರೆ. ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ. ಮಗು ಮೊದಲು ಬರಿಗಣ್ಣಲ್ಲಿ ಆಕಾಶದ ದಾರಿ ಕಲಿಯಲಿ. ಮಾಳಿಗೆ ಮೇಲೆ ಒಂದು ಚಾಪೆ, ಹೊದೆಯುವುದಕ್ಕೆ ಕಂಬಳಿ, ತಿನ್ನುವುದಕ್ಕೆ ಹುರಿದ ಶೇಂಗಾ ಇದ್ದರೆ ಸಾಕು. ಚಳ್ಳಕೆರೆ ಕಂಬಳಿ ಮನೆಯಲ್ಲಿದ್ದರೆ ಅದನ್ನೇ ತನ್ನಿ, ನಮ್ಮ ಕಡೆಯ ಒಣ ಚಳಿಗೆ ಅದನ್ನು ಮೀರಿಸಿದ್ದಿಲ್ಲ. ಕಿವಿಗೆ ಬಟ್ಟೆ, ಕಾಲಿಗೆ ಸಾಕ್ಸ್ ಮರೆಯಬೇಡಿ. ಗುಡ್ಡದ ಮೇಲಿಂದ ಗಾಳಿ ಬೀಸುವ ಊರು ನಮ್ಮದು.

ಮೇಲೆ ಹೋದ ತಕ್ಷಣ ಏನೂ ತೋರಿಸಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದಕ್ಕೆ 20 ನಿಮಿಷವಾದರೂ ಬೇಕು. ಅಷ್ಟು ಹೊತ್ತು ಸುಮ್ನೆ ಮಲಗಿ ಶೇಂಗಾ ತಿನ್ನಲಿ, ಮಾತಾಡಲಿ. ಮಧ್ಯದಲ್ಲಿ ಯಾರಾದರೂ ಮೊಬೈಲ್ ತೆರೆದರೆ ಕಾದದ್ದೆಲ್ಲ ವ್ಯರ್ಥ, ಮತ್ತೆ ಮೊದಲಿಂದ ಕಾಯಬೇಕು. ಬೆಳಕು ಬೇಕೇ ಬೇಕಾದರೆ ಬ್ಯಾಟರಿ ಬಾಯಿಗೆ ಕೆಂಪು ಬಣ್ಣದ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಮಂದ ಕೆಂಪು ಬೆಳಕಿಗೆ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಪ್ಯಾರಾಪೆಟ್ ಗಿಡ್ಡವಿದ್ದರೆ ಮಕ್ಕಳನ್ನು ಅದರಿಂದ ದೂರ, ಮಾಳಿಗೆ ನಡುವೆಯೇ ಕೂರಿಸಿ. ತಲೆಯೆತ್ತಿ ನಡೆಯುವ ಮಗು ಕಾಲ ಕೆಳಗೆ ನೋಡುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. "ನಮಗೆ ನಕ್ಷತ್ರ ಗೊತ್ತಿಲ್ಲ, ಏನು ತೋರಿಸೋದು" ಅಂತ ಅಜ್ಜ-ಅಜ್ಜಿಯರೇ ಹಿಂಜರಿಯುತ್ತಾರೆ. ಆದರೆ ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ, ಪುನರ್ವಸು ಮಳೆ ಅಂತ ಬಾಯಿಪಾಠ ಹೇಳುವವರು ನಾವೇ ಅಲ್ವಾ? "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಅಂದವರು ನಮ್ಮ ಹಿರಿಯರೇ. ಆ ಹೆಸರಿನ ನಕ್ಷತ್ರಗಳೆಲ್ಲ ಚಳಿಗಾಲದ ಸಂಜೆ ಪೂರ್ವದಲ್ಲಿ ಸಾಲಾಗಿ ಹುಟ್ಟುತ್ತವೆ. ಮಳೆ ಬರುವ ಅದೇ ಕ್ರಮದಲ್ಲಿ, ಒಂದರ ಹಿಂದೆ ಒಂದು.

ಡಿಸೆಂಬರ್ ನಡುವೆ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ಕೂರಿ. ಒಂದೇ ಅಳತೆಯ ಮೂರು ಚುಕ್ಕಿ, ಹತ್ತಿರ ಹತ್ತಿರ, ಮೇಲೊಂದು ಕೆಳಗೊಂದು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಅದು ಪುಸ್ತಕದಲ್ಲಿ ಮಹಾವ್ಯಾಧ ಎನ್ನುವ ಬೇಟೆಗಾರನ ಸೊಂಟ. ಇದನ್ನು ಮಗು ತಾನೇ ಹುಡುಕಲಿ, ನೀವು ಬೆರಳು ತೋರಿಸಬೇಡಿ. ಸಿಕ್ಕ ಮೇಲೆ ಆ ಮೂರರ ಎಡಕ್ಕೆ ನೋಡಿದರೆ ಕೆಂಪು ಛಾಯೆಯ ದೊಡ್ಡ ಚುಕ್ಕಿಯಿದೆ. ಅದೇ ಆರಿದ್ರಾ. ಮೂರರ ಸಾಲನ್ನೇ ಮೇಲಕ್ಕೆ ಎಳೆದುಕೊಂಡು ಹೋದರೆ ಇನ್ನೊಂದು ಕೆಂಪು ಚುಕ್ಕಿ, ಅದು ರೋಹಿಣಿ. ಅಲ್ಲಿಂದಲೂ ಮೇಲೆ ಹೋದರೆ ಚಿಕ್ಕ ಚಿಕ್ಕ ಚುಕ್ಕಿಗಳ ಗೊಂಚಲು, ಕೃತ್ತಿಕೆ. ಎಷ್ಟು ಕಾಣುತ್ತವೆ ಅಂತ ಪ್ರತಿ ಮಗುವಿಂದಲೂ ಎಣಿಸಿ. ಸಾಮಾನ್ಯವಾಗಿ ಆರು ಕಾಣುತ್ತವೆ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಈಗ ಕೊಡಿ, ಆರು ಇದ್ದದ್ದು ಹತ್ತಾರು ಆಗುವುದನ್ನು ನೋಡಲಿ. ಆ ಮೂರು ಚುಕ್ಕಿಯ ಸಾಲನ್ನು ಕೆಳಕ್ಕೆ ಎಳೆದರೆ ಸಿಗುವುದು ಲುಬ್ಧಕ. ಎಂಟಕ್ಕೆ ಇನ್ನೂ ಹುಟ್ಟಿರದಿದ್ದರೆ ಒಂಬತ್ತರ ತನಕ ಕಾಯಿರಿ. ರಾತ್ರಿ ಆಕಾಶದ ನಕ್ಷತ್ರಗಳಲ್ಲೆಲ್ಲ ಅದೇ ಹೆಚ್ಚು ಹೊಳೆಯುವುದು. ಅದರ ಬೆಳಕು ನಮಗೆ ಮುಟ್ಟುವುದಕ್ಕೆ ಎಂಟೂವರೆ ವರ್ಷ ಬೇಕು. ಎಂಟು ತುಂಬಿದ ಮಗುವಿಗೆ ಹೇಳಿ, ನೀನು ಹುಟ್ಟುವ ಸುಮಾರಿಗೆ ಹೊರಟ ಬೆಳಕು ಇದು ಅಂತ.

ಇಷ್ಟು ನೋಡಿದ ಮೇಲೆ ಬುದ್ಧಿವಂತ ಮಗು ಒಂದು ಪ್ರಶ್ನೆ ಕೇಳುತ್ತದೆ. ಆರಿದ್ರಾ ಮಳೆ ಜೂನ್‌ನಲ್ಲಿ ಬರುತ್ತೆ, ಆರಿದ್ರಾ ನಕ್ಷತ್ರ ಡಿಸೆಂಬರ್‌ನಲ್ಲಿ ಯಾಕೆ ಕಾಣುತ್ತೆ? ಕೇಳದಿದ್ದರೆ ನೀವೇ ಕೇಳಿ. ಸೂರ್ಯ ಯಾವ ನಕ್ಷತ್ರದ ಹತ್ತಿರ ಇದ್ದಾನೋ ಆ ಹೆಸರನ್ನು ಮಳೆಗೆ ಇಟ್ಟಿದ್ದಾರೆ. ಜೂನ್ 22ರ ಸುಮಾರಿಗೆ ಸೂರ್ಯ ಆರಿದ್ರಾ ಪ್ರವೇಶಿಸುತ್ತಾನೆ. ಆಗ ಆ ಚುಕ್ಕಿ ಹಗಲೆಲ್ಲ ಸೂರ್ಯನ ಜೊತೆಗೇ ಇರುತ್ತದೆ, ಬೆಳಕಲ್ಲಿ ಕಾಣುವುದಿಲ್ಲ. ಆರು ತಿಂಗಳಾದ ಮೇಲೆ ಭೂಮಿ ಸೂರ್ಯನ ಆಚೆ ಬದಿಗೆ ಬಂದಿರುತ್ತದೆ, ಅದೇ ಚುಕ್ಕಿ ರಾತ್ರಿಯೆಲ್ಲ ಎದುರಿಗಿರುತ್ತದೆ. ಹಾಲ್‌ನಲ್ಲಿ ನಡುವೆ ಒಂದು ದೀಪ ಇಟ್ಟು, ಗೋಡೆಗೆ ಮಳೆಗಳ ಹೆಸರು ಬರೆದ ಚೀಟಿ ಅಂಟಿಸಿ, ಮಗುವನ್ನು ದೀಪದ ಸುತ್ತ ನಡೆಸಿ. ದೀಪದ ಹಿಂದೆ ಯಾವ ಚೀಟಿ, ತನ್ನ ಬೆನ್ನ ಹಿಂದೆ ಯಾವ ಚೀಟಿ ಅಂತ ಅದೇ ಓದಿ ಹೇಳುತ್ತದೆ. ಒಂದು ಸುತ್ತಿಗೆ ಅರ್ಥವಾಗುತ್ತದೆ.

ಹುಣ್ಣಿಮೆಗೂ ಇದೇ ಲೆಕ್ಕ. ಕಾರ್ತೀಕದ ಹುಣ್ಣಿಮೆ ಚಂದ್ರ ಕೃತ್ತಿಕೆಯ ಆಸುಪಾಸು ಇರುತ್ತಾನೆ, ಹೊಸ್ತಿಲ ಹುಣ್ಣಿಮೆಯ ಚಂದ್ರ ಮೃಗಶಿರೆಯ ಆಸುಪಾಸು. ತಿಂಗಳಿಗೆ ಹೆಸರು ಬಂದದ್ದು ಹಾಗೆ. ಆದರೆ ಚುಕ್ಕಿ ನೋಡುವುದಕ್ಕೆ ಹುಣ್ಣಿಮೆ ಬೇಡ. ಅಮಾವಾಸ್ಯೆಗೆ ಮಕ್ಕಳನ್ನು ಹೊರಗೆ ಬಿಡಬಾರದು ಎನ್ನುವ ಮನೆಗಳಿವೆ. ಎಳ್ಳಮಾವಾಸ್ಯೆ ರಾತ್ರಿ ದೊಡ್ಡವರೇ ಕೈಹಿಡಿದು ಮಾಳಿಗೆಗೆ ಕರೆದುಕೊಂಡು ಹೋಗಬೇಕು ಅನ್ನುವುದು ನನ್ನ ಮಾತು. ಅಷ್ಟು ಚುಕ್ಕಿ ಇನ್ನಾವತ್ತು ಕಾಣುತ್ತವೆ?

ಚಂದ್ರನ ಗುಂಡಿಗಳನ್ನು ತೋರಿಸಬೇಕಾದರೂ ಹುಣ್ಣಿಮೆ ಒಳ್ಳೆಯದಲ್ಲ. ಸಪ್ತಮಿ, ಅಷ್ಟಮಿ ಹೊತ್ತಿಗೆ ಬೆಳಕು-ಕತ್ತಲು ಸೇರುವ ಅಂಚಿನಲ್ಲಿ ನೆರಳು ಉದ್ದ ಬೀಳುತ್ತದೆ, ಬೈನಾಕ್ಯುಲರ್‌ಗೆ ಗುಂಡಿಗಳು ಚೆನ್ನಾಗಿ ಸಿಗುತ್ತವೆ. ಆಗ ಈ ಮಾತನ್ನೂ ಹೇಳಿ: ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಇಸ್ರೋದವರು ಚಂದ್ರನ ಮೇಲಿನಂಥ ಗುಂಡಿಗಳನ್ನು ನಮ್ಮ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲೇ ತೋಡಿಸಿದ್ದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ನಮ್ಮ ಜಿಲ್ಲೆಯ ಮಗುವಿಗೆ ಇದು ಗೊತ್ತಿರಲೇಬೇಕು.

ಡಿಸೆಂಬರ್ 13, 14ರ ರಾತ್ರಿ ಚಂದ್ರನ ಬೆಳಕಿಲ್ಲದಿದ್ದರೆ ಹತ್ತು ಗಂಟೆ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ಆಕಾಶ ನೋಡಿ. ವರ್ಷದ ಒಳ್ಳೆಯ ಉಲ್ಕೆ ಮಳೆಗಳಲ್ಲಿ ಅದೊಂದು, ಪುನರ್ವಸುವಿನ ಜೋಡಿ ಚುಕ್ಕಿಗಳ ಕಡೆಯಿಂದ ಬಂದಂತೆ ಕಾಣುತ್ತದೆ. ಇನ್ನು ದಕ್ಷಿಣಕ್ಕೆ ಜೋಗಿಮಟ್ಟಿ ಕಡೆ ಮಿನುಗುವ ಕೆಂಪು ದೀಪಗಳು ಗಾಳಿಯಂತ್ರದವು, ಚುಕ್ಕಿ ಅಂದುಕೊಳ್ಳಬೇಡಿ. ಜನವರಿಯಲ್ಲಿ ಹತ್ತೂವರೆ, ಹನ್ನೊಂದರ ಹೊತ್ತಿಗೆ ಅದೇ ದಿಕ್ಕಿನಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಫೆಬ್ರವರಿಗೆ ಅದು ಒಂಬತ್ತಕ್ಕೇ ಅಲ್ಲಿರುತ್ತದೆ. ಲಂಡನ್‌ನಲ್ಲಿರುವ ಮಾವನಿಗೆ ಆ ಚುಕ್ಕಿ ಯಾವತ್ತೂ ಹುಟ್ಟುವುದಿಲ್ಲ ಅಂದರೆ ಮಕ್ಕಳಿಗೆ ಭಾರಿ ಖುಷಿ.

ಹಗಲಿಗೂ ಕೆಲಸವಿದೆ. ಬೆಳಿಗ್ಗೆ ಮಾಳಿಗೆ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕಗಳಲ್ಲಿ ಚಳಿಗೆಂದೇ ಹಿಮಾಲಯದ ಆಚೆಯಿಂದ ಬಂದವೂ ಇರುತ್ತವೆ. ಜೋಳದ ಹೊಲವಿರುವ ಕಡೆ ಸಂಜೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡು ಹಾರುತ್ತದೆ. ಯಾವ ಹಕ್ಕಿ ಮೊದಲು ಯಾವತ್ತು ಕಂಡಿತು, ಎಲಚಿ ಹಣ್ಣು ಯಾವತ್ತು ಕೆಂಪಾಯಿತು, ಮುತ್ತುಗ ಯಾವತ್ತು ಹೂ ಬಿಟ್ಟಿತು ಅಂತ ಹಳೆ ಡೈರಿಯಲ್ಲಿ ಒಂದೊಂದು ಸಾಲು ಬರೆಸಿ. ಮುಂದಿನ ವರ್ಷ ತಾಳೆ ನೋಡುವುದಕ್ಕೆ ಬೇಕು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ನೆರಳಿನ ಕೋಲು. ಖಾಲಿ ಪೇಂಟ್ ಡಬ್ಬಕ್ಕೆ ಮರಳು ತುಂಬಿ, ಮರಳಿನಿಂದ ಮೇಲಕ್ಕೆ ಸರಿಯಾಗಿ ಒಂದು ಮೀಟರ್ ಉಳಿಯುವಂತೆ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು ಅಳೆಯುವ ಜಾಗಕ್ಕೂ ಮರಳಿನಷ್ಟೇ ಎತ್ತರಕ್ಕೆ ಹಲಗೆ ಇಡಿ. ನಮ್ಮೂರಲ್ಲಿ ನೆತ್ತಿ ಹೊತ್ತು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಹನ್ನೆರಡೂಕಾಲು ದಾಟಿದ ಮೇಲೆ ನೆರಳು ಅತಿ ಗಿಡ್ಡವಾಗುತ್ತದೆ. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕೆ ಇಡಿಸಿ, ಗಿಡ್ಡ ನೆರಳು ಯಾವುದೆಂದು ಮಗುವೇ ಕಂಡುಹಿಡಿಯಲಿ. ಡಿಸೆಂಬರ್ 22ರ ಸುಮಾರಿಗೆ ಅದು 77 ಸೆಂಟಿಮೀಟರ್ ಇರಬೇಕು. ಆ ನೆರಳು ತೋರುವುದು ಅಸಲಿ ಉತ್ತರ. ಅದೇ ಗೆರೆಯ ನೇರಕ್ಕೆ ರಾತ್ರಿ ಜಗಳೂರಿನ ಕಡೆ ನೋಡಿ, ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ನೆಲದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಧ್ರುವ ನಕ್ಷತ್ರ ಸಿಗುತ್ತದೆ. ತುಂಬಾ ಹೊಳೆಯುವುದಿಲ್ಲ, ತಾಳ್ಮೆ ಬೇಕು.

ಸಂಕ್ರಾಂತಿ ಮುಗಿಯಿತೆಂದು ಕೋಲು ಕೀಳಬೇಡಿ. ವಾರಕ್ಕೊಮ್ಮೆ ಅಳೆಸುತ್ತಾ ಹೋಗಿ. ನೆರಳು ಗಿಡ್ಡವಾಗುತ್ತಾ ಹೋಗಿ, ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತದೆ, ಅಕ್ಕಪಕ್ಕದ ಮಕ್ಕಳನ್ನೂ ಕರೆಯಿರಿ.