ಮಳೆ ಪುಸ್ತಕವನ್ನು ದಾಳಕ್ಕೆ ಇಳಿಸಿದ್ದು: ನನ್ನ ಅನುಭವ

"ಹೊರಗೂ ಮಳೆ, ಆಟದಲ್ಲೂ ಮಳೆ. ಯಾರು ಆಡ್ತಾರೆ ಮಾರಾಯ?" ನಾಲ್ಕು ವರ್ಷದ ಹಿಂದೆ ಹೀಗೆ ಕೇಳಿದ್ದು ನಮ್ಮ ಆಟದ ಗುಂಪಿನವನೇ, ಹೋಂಸ್ಟೇ ನಡೆಸುವವನು. ಹೋದ ಮಳೆಗಾಲದಲ್ಲಿ ಅದೇ ಮನುಷ್ಯ ತನ್ನ ಹೋಂಸ್ಟೇಯಲ್ಲಿ ಇಡುವುದಕ್ಕೆ ನಾನು ಮಾಡಿದ ಮಳೆಯ ಆಟದ ಹತ್ತು ಹಾಳೆ ತೆಗೆದುಕೊಂಡ. ದುಡ್ಡು ಕೊಟ್ಟೇ ತೆಗೆದುಕೊಂಡ. ಇನ್ನು ಇದನ್ನು ಬರೆಯಬಹುದು ಅನ್ನಿಸಿತು.

ನಾನು ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ) ಬರೆಯುತ್ತೇನೆ, ಗೊಬ್ಬರದ ಲೆಕ್ಕ ಇಡುತ್ತೇನೆ, ಬೆಳಗ್ಗೆ ಎದ್ದು ಮಳೆ ಅಳೆಯುತ್ತೇನೆ. ಭಾನುವಾರ ಸಂಜೆ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಮುಂದುವರಿಸುವ ಆಟ. ಡಿಎಂ, ಅಂದರೆ ಕಥೆ ನಡೆಸುವವನು, ಯಾವಾಗಲೂ ನಾನೇ. ಉಳಿದವರಿಗೆ ಓದುವ ತಾಳ್ಮೆ ಇಲ್ಲ.

ಒಂದು ದಿನ ಕರೆಂಟ್ ಹೋಗಿ ಆಟ ನಿಂತಾಗ, ಯಾರೂ ಅಚ್ಚು ಹಾಕದ ಆದರೆ ನಮಗೆ ಬೇಕೇ ಬೇಕಾದ ಸಪ್ಲಿಮೆಂಟುಗಳ, ಅಂದರೆ ಮೂಲ ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚಿನ ನಿಯಮಗಳ, ಪಟ್ಟಿ ಮಾಡಿದೆವು. ಹಳೆಯ ಚೆಕ್‌ರೋಲ್ ಹಾಳೆಯ ಹಿಂಬದಿಯಲ್ಲಿ ಬರೆದದ್ದು ಇನ್ನೂ ನನ್ನ ಹತ್ತಿರ ಇದೆ. ಒಬ್ಬನಿಗೆ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ) ಸಪ್ಲಿಮೆಂಟ್ ಬೇಕು. ಪಾತ್ರ ಸತ್ತರೆ ಅದೇ ಒಕ್ಕದ (ಮನೆತನದ) ಇನ್ನೊಬ್ಬ ಬಂದು ಆಟ ಮುಂದುವರಿಸಬೇಕು, ಸತ್ತವನು ಕಾರಣವನಾಗಿ, ಅಂದರೆ ಮನೆಯ ಹಿರಿಯ ದೈವವಾಗಿ, ಎಡೆ ಕೇಳುತ್ತಿರಬೇಕು. ಇನ್ನೊಬ್ಬನಿಗೆ ಕೊಲ್ಲಲಿಕ್ಕೇ ಆಗದ ಆನೆ ಬೇಕು. ಎಷ್ಟು ಲೆವೆಲ್ ಆದರೂ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು, ಅಷ್ಟೆ. ಕಾಲೇಜು ಹುಡುಗನಿಗೆ ದೇವರಕಾಡು ಬೇಕು, ಒಳಗೆ ಕೊಡಲಿ ಹಾಕಿದರೆ ಏನೇನಾಗುತ್ತದೆ ಅನ್ನುವ ಟೇಬಲ್ ಸಮೇತ. ನಾನು ಬರೆದದ್ದು ಒಂದೇ ಪದ: ಮಳೆ.

ಆಟದ ಮೂಲ ಪುಸ್ತಕದಲ್ಲೂ ಹವಾಮಾನದ ಟೇಬಲ್ ಒಂದಿದೆ. ಡಿ20ರಲ್ಲಿ, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ, 12ರವರೆಗೆ ಮಳೆಯೇ ಇಲ್ಲ. 18 ಅಥವಾ ಜಾಸ್ತಿ ಬಿದ್ದರೆ ಮಾತ್ರ ಜೋರು ಮಳೆ. ಜೋರು ಮಳೆಯಲ್ಲಿ ಪಂಜು ಆರುತ್ತದೆ, ಕಣ್ಣು ಕಿವಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಕಡಿಮೆಯದನ್ನು ಹಿಡಿಯುವುದು). ಅಲ್ಲಿಗೆ ಮುಗಿಯಿತು. ಭಾಗಮಂಡಲದಲ್ಲಿ ಜುಲೈ ತಿಂಗಳು ಕಳೆದವರು ಬರೆದ ಟೇಬಲ್ ಅಲ್ಲ ಅದು, ಅಲ್ವಾ? ವರ್ಷಕ್ಕೆ 200 ಇಂಚು ದಾಟುವುದು ಆ ಕಡೆ ದೊಡ್ಡ ವಿಷಯವಲ್ಲ. ಅದೇ ಜಿಲ್ಲೆಯ ಕುಶಾಲನಗರದಲ್ಲಿ 40-50 ಇಂಚು ಬಂದರೆ ಆಯಿತು.

ನನ್ನ ಕೈಯಲ್ಲಿ ತೋಟದ ಮಳೆ ಪುಸ್ತಕಗಳಿದ್ದವು. ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಬರೆದದ್ದು, 22 ವರ್ಷದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ತೆಗೆದುಕೊಂಡರೂ 2,700ರ ಹತ್ತಿರ ದಿನಗಳು. ಸಾಹುಕಾರರು ಒಂದು ದಿನ ಕೇಳಿದರು, "ರೈಟ್ರೇ, ಈ ಹಳೇ ಪುಸ್ತಕ ಎಲ್ಲ ಮನೆಗೆ ಯಾಕೆ ಹೊರ್ತೀರಿ? ಬ್ಯಾಂಕಿನವರು ಕೇಳಿದ್ರಾ?" "ಇಲ್ಲ ಸಾರ್, ಆಟಕ್ಕೆ" ಎಂದೆ. ಆಮೇಲೆ ಅವರು ಏನೂ ಕೇಳಲಿಲ್ಲ. ಒಂದು ವಾರ ನನ್ನನ್ನು ಸ್ವಲ್ಪ ಬೇರೆ ಥರ ನೋಡಿದರು.

ಮೊದಲನೆಯದು ಡಿ100 ಟೇಬಲ್. ಎಲ್ಲ ದಿನಗಳನ್ನೂ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ನೂರು ಪಾಲು ಮಾಡಿದೆ. ಎರಡು ತಿಂಗಳ ಕೆಲಸ. ಆಡಿ ನೋಡಿದರೆ ಮೊದಲ ದಿನ ಐದೂವರೆ ಇಂಚು, ಮರುದಿನ ಸುಡುಬಿಸಿಲು, ಮೂರನೇ ದಿನ ಮತ್ತೆ ನಾಲ್ಕು ಇಂಚು. ಹುಡುಗರು ಬಿದ್ದು ಬಿದ್ದು ನಕ್ಕರು. ಜೊತೆಗೆ ಇನ್ನೊಂದು ಎಡವಟ್ಟು. ಟೇಬಲಿನಲ್ಲಿ ಸೊನ್ನೆ ಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಪುಸ್ತಕ ಮತ್ತೆ ಬಿಡಿಸಿ ನೋಡಿದರೆ ನಮ್ಮ ತೋಟದಲ್ಲಿ ಭಾನುವಾರ ಮಳೆಯೇ ಬರುವುದಿಲ್ಲ! ರೈಟರಿಗೆ ಭಾನುವಾರ ರಜೆ. ಸೋಮವಾರ ಬಂದು ಎರಡು ದಿನದ ನೀರನ್ನು ಒಟ್ಟಿಗೆ ಅಳೆದು ಬರೆದಿದ್ದಾರೆ. ನಾನೂ ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೆ. ಕೊನೆಗೆ ಸೋಮವಾರದ್ದನ್ನು ಅರ್ಧ ಮಾಡಿ ಭಾನುವಾರಕ್ಕೆ ಕೊಟ್ಟೆ. ಹಳೇ ಮಳೆ ಪುಸ್ತಕ ಹಿಡಿದು ಕೂರುವವರು ಇದನ್ನು ಮೊದಲು ನೋಡಿಕೊಳ್ಳಿ.

ಎರಡನೆಯದು ಪುಸ್ತಕ. 72 ಪುಟ, ಸ್ಪೈರಲ್ ಬೈಂಡಿಂಗ್. ಜಿಗಣೆಗೇ ನಾಲ್ಕು ಪುಟ ಬರೆದಿದ್ದೆ. ಸುಣ್ಣ ಹೊಗೆಸೊಪ್ಪು ಹಚ್ಚಿದರೆ ಎಷ್ಟು ಬೋನಸ್, ಉಪ್ಪು ಹಚ್ಚಿದರೆ ಎಷ್ಟು ಅಂತ. ಒದ್ದೆ ಹಗ್ಗ, ತುಕ್ಕು ಹಿಡಿದ ಒಡಿಕತ್ತಿ, ನೆನೆದ ಕೋವಿಮದ್ದು, ಎಲ್ಲಕ್ಕೂ ಒಂದೊಂದು ನಿಯಮ. ದಿನವಿಡೀ ನೆನೆದರೆ ಒಂದು ಲೆವೆಲ್ ಎಕ್ಸಾಶ್ಚನ್ (ಬಳಲಿಕೆ), ಒಣಗಿದ ಜಾಗ ಸಿಗದಿದ್ದರೆ ಲಾಂಗ್ ರೆಸ್ಟ್ (ರಾತ್ರಿಯ ವಿಶ್ರಾಂತಿ) ಮಾಡಿದರೂ ಇಳಿಯುವುದಿಲ್ಲ ಎಂದೆ. ಈ ಆಟದಲ್ಲಿ ಬಳಲಿಕೆಯ ಆರನೇ ಲೆವೆಲ್ ಅಂದರೆ ಸಾವು. ತಡಿಯಂಡಮೋಳ್ ಬೆಟ್ಟ ಹತ್ತಲು ಹೊರಟವರು ಆರನೇ ದಿನ ಎಲ್ಲರೂ ಸತ್ತರು. ಅಲ್ಲಿಯವರೆಗೆ ಯಾರೂ ಕತ್ತಿಯನ್ನೇ ಹಿರಿದಿರಲಿಲ್ಲ. ಆದರೂ 50 ಪ್ರತಿ ಅಚ್ಚು ಹಾಕಿಸಿದೆ. ಒಂಬತ್ತು ಸಾವಿರ ಹೋಯಿತು. ಒಂಬತ್ತು ಪ್ರತಿ ಮಾರಾಟ ಆಯಿತು, 250ರಂತೆ. ಉಳಿದವು ಗೊಬ್ಬರದ ಗೋದಾಮಿನಲ್ಲಿವೆ.

ಮೂರನೆಯದು ಕಾರ್ಡು. ಒಂದು ಕಟ್ಟಿಗೆ 60, ಮೂವತ್ತು ಕಟ್ಟು, ಎಂಟೂವರೆ ಸಾವಿರ. ಚಿತ್ರ ಬರೆದ ಹುಡುಗಿಗೆ ನಾಲ್ಕು ಸಾವಿರ. ಚಿತ್ರ ಬಹಳ ಚೆನ್ನಾಗಿ ಬಂದಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಲದ ಆಟವನ್ನು ಕಾಗದದ ಕಾರ್ಡಿನಲ್ಲಿ ಮಾಡಿದವನು ನಾನು. ಜುಲೈ ಬರುವಷ್ಟರಲ್ಲಿ ಕಾರ್ಡುಗಳು ಹಪ್ಪಳದ ಹಾಗೆ ಬಾಗಿದವು. ಆಮೇಲೆ ಬೂಸ್ಟು ಬಂತು. ಹೋಂಸ್ಟೇಯವನು ಒಣಗಲಿ ಅಂತ ಒಂದು ಕಟ್ಟನ್ನು ಒಲೆಯ ಮೇಲೆ, ಹಂದಿ ಮಾಂಸ ಒಣಗಿಸುವ ಜಾಗದಲ್ಲಿ ತೂಗುಹಾಕಿದ. ಆ ಕಟ್ಟು ಮೂಸಿದರೆ ಈಗಲೂ ಹಸಿವಾಗುತ್ತದೆ.

ಈ ಮಧ್ಯೆ ಪಟ್ಟಿಯ ಬೇರೆ ಕೆಲವನ್ನೂ ಕೆದಕಿದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರ ಮದ್ದುಸೊಪ್ಪಿನ ಪಾಯಸವನ್ನು ಹೀಲಿಂಗ್ ಪೋಶನ್ (ಗಾಯ ವಾಸಿ ಮಾಡುವ ಮದ್ದು) ಮಾಡಿದೆ. ಅರೆಭಾಷೆಯವರ ಆಟಿ ಸೊಪ್ಪೂ ಅದೇ. ವರ್ಷಕ್ಕೆ ಒಂದೇ ದಿನ ಕೆಲಸ ಮಾಡುತ್ತದೆ, ಪೂರ್ತಿ ಎಚ್‌ಪಿ (ಪಾತ್ರದ ಜೀವದ ಅಂಕ) ವಾಪಸ್. ಮರುದಿನ ಮೂತ್ರ ಕೆಂಪಾಗುತ್ತದೆ, ಅದನ್ನು ನೋಡಿ ಹೆದರಿದ ಹೊರಗಿನ ಪಾತ್ರಗಳು ವಿಸ್ಡಮ್ ಸೇವ್ (ಪಾರಾಗಲು ಹಾಕುವ ದಾಳ) ಹಾಕಬೇಕು. ಮೈಸೂರಿನಿಂದ ಬಂದಿದ್ದ ಒಬ್ಬ ಅತಿಥಿ ಇದು ನಾನು ಕಟ್ಟಿದ್ದು ಅಂದುಕೊಂಡ. ನರಿಮಂಗಲವೂ ಚೆನ್ನಾಗಿ ಕೂತಿತು (ಕೊಡವ ಮಾತಿನಲ್ಲಿ ನರಿ ಅಂದರೆ ಹುಲಿ). ಹಿಂದೆ ಹುಲಿ ಹೊಡೆದವನನ್ನು ಸತ್ತ ಹುಲಿಯ ಜೊತೆ ಮದುಮಗನ ಹಾಗೆ ಕೂರಿಸಿ ಮರ್ಯಾದೆ ಮಾಡುತ್ತಿದ್ದರಲ್ಲ, ಅದು. ನನ್ನ ಆಟದಲ್ಲಿ ಹುಲಿ ಕೊಂದವನಿಗೆ ಎಕ್ಸ್‌ಪಿ (ಅನುಭವದ ಅಂಕ) ಸಿಗುವುದಿಲ್ಲ. ಮದುವೆ ಆಗುತ್ತದೆ. ಆಮೇಲೆ ಇಡೀ ನಾಡಿನಲ್ಲಿ ಅವನ ಮಾತಿಗೆ ಬೆಲೆ, ಆದರೆ ಅವನು ಯಾವ ಕರೆಗೂ ಇಲ್ಲ ಅನ್ನುವ ಹಾಗಿಲ್ಲ. ಐನ್‌ಮನೆಯದ್ದು ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಕಾರಣವನಾದ ಆಟಗಾರ ಎಡೆಯಲ್ಲಿ ಬರೀ ಕಳ್ಳು ಕೇಳುತ್ತಾನೆ.

ದಾರಿ ಸಿಕ್ಕಿದ್ದು ಮಳೆ ಪುಸ್ತಕವನ್ನು ಲೆಕ್ಕದ ಹಾಗಲ್ಲದೆ ದಿನಚರಿಯ ಹಾಗೆ ಓದಿದಾಗ. ಎರಡು ಇಂಚು ದಾಟಿದ ದಿನದ ಮರುದಿನವೇ ಸೊನ್ನೆ ಬಿದ್ದದ್ದು ಬೆರಳೆಣಿಕೆಯಷ್ಟು. ಮಳೆ ಹಿಡಿಯುತ್ತದೆ, ಬಿಡುತ್ತದೆ. ಒಂದೇ ಸಲ ಹಾರುವುದಿಲ್ಲ. ಟೇಬಲ್ ಬೇಡ, ಏಣಿ ಬೇಕು ಅನ್ನಿಸಿತು.

ಎಂಟು ಮೆಟ್ಟಿಲು, ಸೊನ್ನೆಯಿಂದ ಏಳು: ಬಿಸಿಲು, ಮೋಡ, ಹನಿ, ಜಿಟಿಜಿಟಿ, ಮಳೆ, ಜಡಿ, ಹುಚ್ಚು ಮಳೆ, ಹೊಳೆ ಕಟ್ಟಿದ್ದು. ದಿನಾ ಬೆಳಗ್ಗೆ ಎರಡು ಡಿ6, ಅಂದರೆ ಆರು ಮುಖದ ಮಾಮೂಲಿ ದಾಳ. ಐದು ಅಥವಾ ಕಡಿಮೆ ಬಿದ್ದರೆ ಒಂದು ಮೆಟ್ಟಿಲು ಇಳಿ. ಒಂಬತ್ತು ಅಥವಾ ಜಾಸ್ತಿ ಬಿದ್ದರೆ ಒಂದು ಮೆಟ್ಟಿಲು ಏರು. ನಡುವೆ ಬಿದ್ದರೆ ನಿನ್ನೆಯದೇ ಇವತ್ತು. ಇದರ ಮೇಲೆ ನಕ್ಷತ್ರದ ಮಳೆ ಕೂರಿಸಿದೆ. ಒಂದೊಂದು 13-14 ದಿನ, ಕ್ಯಾಲೆಂಡರು ಎಲ್ಲರ ಮನೆಯ ಗೋಡೆಯಲ್ಲೂ ಇದೆ. ಮೃಗಶಿರಾಕ್ಕೆ ಏನೂ ಇಲ್ಲ, ಆರಿದ್ರಾದಲ್ಲಿ ದಾಳದ ಮೊತ್ತಕ್ಕೆ ಒಂದು ಕೂಡಿಸು, ಪುನರ್ವಸು ಪುಷ್ಯಕ್ಕೆ ಎರಡು, ಆಶ್ಲೇಷಕ್ಕೆ ಮತ್ತೆ ಒಂದು, ಮಖೆಗೆ ಸೊನ್ನೆ, ಹುಬ್ಬೆಯಿಂದ ಕಳೆ. ಕುಶಾಲನಗರದ ಕಡೆ ಇಳಿದರೆ ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗೆ ಅಂತ ಓದಿಕೊಳ್ಳಿ.

ಅಸಲಿ ಆಟ ಇರುವುದು ಮೂರು ದಿನದ ಮೊತ್ತದಲ್ಲಿ. ತೋಟದಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಒಂದು ದಿನದ ಮಳೆಗೆ ಯಾರೂ ಹೆದರುವುದಿಲ್ಲ. ಕಳೆದ ಮೂರು ದಿನದ ಮೆಟ್ಟಿಲು ಕೂಡಿಸಿ. 15 ಮುಟ್ಟಿದರೆ ಸೇತುವೆ ಮುಳುಗುತ್ತದೆ, ಆ ದಾರಿ ಬಂದ್.

ಒಂದು ತೊಂದರೆ ಉಳಿದಿತ್ತು. ಪುಷ್ಯದಲ್ಲಿ ಎರಡು ಕೂಡಿಸಿದ್ದಕ್ಕೆ ಆಟ ಮೇಲಿನ ಮೆಟ್ಟಿಲಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ನಿಜವಾದ ಪುಷ್ಯದಲ್ಲೂ ನಡುವೆ ಒಂದು ಮಧ್ಯಾಹ್ನ ಬೆಳಕು ಬಿಡುತ್ತದಲ್ಲ, ಬಟ್ಟೆ ಹೊರಗೆ ಹಾಕಿ ಹತ್ತು ನಿಮಿಷಕ್ಕೆ ವಾಪಸ್ ಓಡುವಂಥದ್ದು? ಅದು ಬರುತ್ತಲೇ ಇರಲಿಲ್ಲ. ಬಿಡಿಸಿದ್ದು ಜೋಡಿ ಬಿದ್ದಾಗಿನ ಒಂದು ನಿಯಮ. ಅದು ಹಾಳೆಯಲ್ಲಿದೆ, ಇಲ್ಲಿ ಹೇಳುವುದಿಲ್ಲ. ನಾನು 150 ರೂಪಾಯಿ ಕೇಳುವುದೇ ಅದಕ್ಕೆ.

ಇನ್ನೊಂದನ್ನು ತೆಗೆದುಹಾಕಿದೆ, ಅದನ್ನು ಹೇಳುತ್ತೇನೆ. ಮೊದಲು 12 ಬಿದ್ದರೆ ಬರೆ ಕುಸಿತ, ಅಂದರೆ ಗುಡ್ಡ ಜಾರುವುದು, ಅಂತ ಇತ್ತು. ಒಂದು ಭಾನುವಾರ 12 ಬಿತ್ತು. ನಾನು ಹುಮ್ಮಸ್ಸಿನಲ್ಲಿ ವಿವರಿಸುತ್ತಾ ಹೋದೆ, ಮೇಲಿನಿಂದ ಸದ್ದು, ಮರಗಳು ನಿಂತಲ್ಲೇ ಜಾರುವುದು. ಎದುರಿಗೆ ಕೂತಿದ್ದವನ ಮನೆ 2018ರ ಆಗಸ್ಟ್‌ನ ಕುಸಿತದಲ್ಲಿ ಹೋಗಿತ್ತು. ನನಗೆ ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಅವನು ದಾಳ ಕೆಳಗಿಟ್ಟು "ಟೀ ಮಾಡ್ತೇನೆ" ಅಂತ ಎದ್ದು ಹೋದ. ಆ ಸಾಲಿನ ಮೇಲೆ ಅಲ್ಲೇ ಗೀಟು ಹಾಕಿದೆ. ಈಗ 12 ಬಿದ್ದರೂ ಬರೀ ಒಂದು ಮೆಟ್ಟಿಲು. ಆಟಕ್ಕೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಕೆಲಸ ಮಾಡಿತು ಅಂತ ಗೊತ್ತಾದದ್ದು ಅದಾಗಿ ಎರಡು ತಿಂಗಳಿಗೆ. ಪಾತ್ರಗಳು ಕಕ್ಕಬ್ಬೆಯ ಒಂದು ಮನೆಯಲ್ಲಿ ನಾಲ್ಕು ದಿನ ಕೂತಿದ್ದರು. ಯಾವ ರಾಕ್ಷಸನನ್ನೂ ನಾನು ಇಟ್ಟಿರಲಿಲ್ಲ. ಕಾಲೇಜು ಹುಡುಗ ಕ್ಯಾಲೆಂಡರ್ ನೋಡಿ ಹೇಳಿದ: "ನಿನ್ನೆ ಜಡಿ, ಇವತ್ತೂ ಜಡಿ. ನಾಳೆ ಇದೇ ಬಿದ್ರೆ ಸೇತುವೆ ಇರಲ್ಲ. ಈಗಲೇ ದಾಟೋಣ ಅಣ್ಣ, ಕತ್ತಲಾದ್ರೂ ಪರವಾಗಿಲ್ಲ." ಅರ್ಧ ಗಂಟೆ ಜಗಳವಾಡಿದರು. ನಾನು ಬಾಯಿ ಬಿಡಲಿಲ್ಲ, ಒಂದು ಕಾಫಿ ಕುಡಿದೆ.

ಈಗಿನದು ಒಂದೇ ಹಾಳೆ, ಎ3, ಮಡಚಿದ್ದು. ನೀರಿಗೆ ಹರಿಯದ ಪ್ಲಾಸ್ಟಿಕ್ ಥರದ ಕಾಗದ. ತಟ್ಟೆ ತೊಳೆಯುವ ನೀರಿಗೆ ಅದ್ದಿ ನೋಡಿ ಆರಿಸಿದೆ. 200ಕ್ಕೆ ಎಂಟು ಸಾವಿರ ಬಿತ್ತು, ಸುಮಾರು 150 ಹೋಗಿವೆ. ಪಿಡಿಎಫ್ ಸುಮಾರು 60 ಪ್ರತಿ ಹೋಗಿವೆ, ಎಂಬತ್ತು ರೂಪಾಯಿಯಂತೆ. ಹಳೆಯ ನಷ್ಟ ಎಲ್ಲ ಸೇರಿಸಿದರೆ ಹೆಚ್ಚುಕಮ್ಮಿ ಸಮ. ನನ್ನ ನಾಲ್ಕು ವರ್ಷದ ಕೂಲಿ ಇದರಲ್ಲಿಲ್ಲ. ಲೈಸೆನ್ಸ್ ಬಗ್ಗೆ ಕೇಳುವವರಿಗೆ: 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳು, ಅಂದರೆ ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್‌ಗೆ ಬಂದಿವೆ, ಅಂದರೆ ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಅವರು ಹೇಳಿದ ಕೃತಜ್ಞತೆಯ ಸಾಲು ಹಾಕಿದ್ದೇನೆ. ಆಟದ ಹೆಸರನ್ನು ಮುಖಪುಟದಲ್ಲಿ ಹಾಕಿಲ್ಲ. ಸೇವಿಂಗ್ ಥ್ರೋಗೆ ಮೊದಲು "ಪಾರು ಎಸೆತ" ಅಂತ ಬರೆದಿದ್ದೆ. ಯಾರೂ ಹಾಗೆ ಕರೆಯಲಿಲ್ಲ, ಸೇವಿಂಗ್ ಥ್ರೋ ಅಂತಲೇ ಬಿಟ್ಟೆ.

ಮುಂದೆ ಹೂ ಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಕೈ ಹಾಕಿದ್ದೇನೆ. ಫೆಬ್ರವರಿ ಮಾರ್ಚಿನಲ್ಲಿ ಒಂದು ಮಳೆ, ಅದಾಗಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ, ಕಾಯಿ ಹಿಡಿಯಲು ಬೇಕಾದದ್ದು. ಎರಡನೆಯದು ತಪ್ಪಿದರೆ ಆ ವರ್ಷದ ಫಸಲಿಗೆ ದೊಡ್ಡ ಪೆಟ್ಟು. ಏಣಿ ಇದಕ್ಕೆ ಆಗುವುದಿಲ್ಲ, ಇಲ್ಲಿ ಕಾಯುವುದೇ ಆಟ. ಸಾಹುಕಾರರಿಗೆ ಹೇಳಿದೆ. ಈ ಸಲ ಬೇರೆ ಥರ ನೋಡಲಿಲ್ಲ. "ಅದಕ್ಕೆ ದಾಳ ಹಾಕೋದು ಹೇಗೆ ಅಂತ ಗೊತ್ತಾದ್ರೆ ಮೊದಲು ನನಗೆ ಹೇಳಿ ರೈಟ್ರೇ" ಎಂದರು.