ಬಿಲ್ಡರ್‌ಗೆ ಶೇ 60 ಅಂದರೆ ಯಾವುದರ ಶೇ 60?

ಬೆಂಗಳೂರಿನ ಸುತ್ತಮುತ್ತ ಜಾಗ ಇರುವ ಮನೆಗಳಲ್ಲಿ ‘ಜಾಯಿಂಟ್‌ಗೆ ಕೊಟ್ಟಿದ್ದೀವಿ’ ಅನ್ನುವ ಮಾತು ಆಗಾಗ ಕೇಳಿಸುತ್ತದೆ. ಜಾಗ ನಮ್ಮದು, ಕಟ್ಟುವ ಖರ್ಚು ಬಿಲ್ಡರ್‌ದು, ಕಟ್ಟಡ ಎದ್ದ ಮೇಲೆ ಇಬ್ಬರೂ ಹಂಚಿಕೊಳ್ಳುವುದು. ಇದಕ್ಕೆ ಬರೆಯುವ ಪತ್ರವೇ ಜಂಟಿ ಅಭಿವೃದ್ಧಿ ಒಪ್ಪಂದ, ಅಂದರೆ ಜೆಡಿಎ. ಇಲ್ಲಿ ಬಿಲ್ಡರ್‌ಗೆ ಕೂಲಿ ಇಲ್ಲ. ಅವರ ಪಾಲಿಗೆ ಬರುವುದೇ ಅವರ ಪ್ರತಿಫಲ.

ನಮ್ಮ ಚಿಕ್ಕಪ್ಪ ‘60–40’ ಅಂತ ಮಾತಾಡಿ ಸಹಿ ಹಾಕಿದರು. 40 ಅವರದು. ಕೆಲಸ ಅರ್ಧ ಆದ ಮೇಲೆ ಬಿಲ್ಡರ್ ಟಿಡಿಆರ್ (ಬೇರೆ ಜಾಗದಿಂದ ಕೊಂಡು ತರಬಹುದಾದ ಹೆಚ್ಚುವರಿ ಕಟ್ಟುವ ಹಕ್ಕು) ಕೊಂಡು ತಂದು ಇನ್ನೊಂದು ಮಹಡಿ ಏರಿಸಿದರು. ಆ ಮಹಡಿ ಪೂರ್ತಿ ತಮ್ಮದೇ ಅಂದರು. ಪತ್ರ ತೆಗೆದು ನೋಡಿದರೆ, ಶೇ 40 ಅನ್ನುವುದು ‘ಮೊದಲು ಮಂಜೂರಾದ ನಕ್ಷೆಯಂತೆ’ ಅಂತ ಇತ್ತು. ನಾವೆಲ್ಲ ಆ ಸಾಲನ್ನು ಓದಿದ್ದೆವು. ಅದರ ಅರ್ಥ ಏನು ಅಂತ ಯಾರೂ ಕೇಳಿರಲಿಲ್ಲ. ಆ ಕೇಳದೇ ಬಿಟ್ಟ ಪ್ರಶ್ನೆಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವ ಬಗೆಯ ಪಾಲು?

ಹೆಚ್ಚಾಗಿ ಕಾಣುವುದು ಮೂರು ಬಗೆ. ಒಂದು, ಕಟ್ಟಿದ ಜಾಗವನ್ನೇ ಹಂಚಿಕೊಳ್ಳುವುದು. ಇನ್ನೊಂದು, ಫ್ಲ್ಯಾಟ್ ಮಾರಿ ಬಂದ ಹಣ ಹಂಚಿಕೊಳ್ಳುವುದು. ಮೂರನೆಯದರಲ್ಲಿ ಕಟ್ಟುವ ಖರ್ಚೂ ಜಾಗದ ಮಾಲೀಕರದೇ. ಯೋಜನೆ ನಡೆಸಿ, ತಮ್ಮ ಬ್ರ್ಯಾಂಡ್ ಹೆಸರಲ್ಲಿ ಮಾರಿ ಕೊಡುವುದಕ್ಕೆ ಬಿಲ್ಡರ್ ಮಾರಾಟದ ಇಂತಿಷ್ಟು ಪಾಲು ಫೀ ತೆಗೆದುಕೊಳ್ಳುತ್ತಾರೆ. ಕೈಯಲ್ಲಿ ದುಡ್ಡಿಲ್ಲದ ಕುಟುಂಬಕ್ಕೆ ಈ ಮೂರನೆಯದು ಬೇಡ.

ಎರಡನೇ ಹೆಜ್ಜೆ: ಬಿಲ್ಡರ್‌ನ ಲೆಕ್ಕ ನೀವೇ ಹಾಕಿ ನೋಡಿ

ಅಂದಾಜಿಗೆ ಒಂದು ಲೆಕ್ಕ. ಮಾರಬಹುದಾದ ಜಾಗ ಒಟ್ಟು 60,000 ಚದರಡಿ. ಬಿಲ್ಡರ್‌ಗೆ ಶೇ 60, ಅಂದರೆ 36,000. ಚದರಡಿಗೆ 8,000 ರೂಪಾಯಿಯಂತೆ ಮಾರಿದರೆ 28.8 ಕೋಟಿ. ಆದರೆ ಅವರು ಕಟ್ಟಬೇಕಾದದ್ದು ನಿಮ್ಮ ಪಾಲನ್ನೂ ಸೇರಿಸಿ ಪೂರ್ತಿ 60,000. ಚದರಡಿಗೆ 3,000 ಖರ್ಚು ಅಂದರೆ 18 ಕೋಟಿ. ಉಳಿದ 10.8 ಕೋಟಿಯಲ್ಲಿ ಬಡ್ಡಿ, ಮಂಜೂರಾತಿ, ಜಾಹೀರಾತು ಎಲ್ಲ ಕಳೆದು ಲಾಭ ಬರಬೇಕು.

ಈಗ ನೀವು ಹಟ ಹಿಡಿದು 50–50 ಮಾಡಿಸಿಕೊಂಡಿರಿ ಅನ್ನೋಣ. ಬಿಲ್ಡರ್ ಕೈಗೆ 24 ಕೋಟಿ ಬರುತ್ತದೆ, ಖರ್ಚು ಕಳೆದು ಉಳಿಯುವುದು 6 ಕೋಟಿ. ಮಾರುಕಟ್ಟೆ ಸ್ವಲ್ಪ ಕುಸಿದರೂ ಕೆಲಸ ನಿಂತುಬಿಡುತ್ತದೆ. ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಶೇ 50 ಇಟ್ಟುಕೊಂಡು ಏನು ಮಾಡುವುದು? ಬಿಲ್ಡರ್‌ಗೆ ಗಿಟ್ಟುವ ಪಾಲು ಕೊಡಿ. ಕೊಡುವುದನ್ನು ಬಿಗಿಯಾಗಿ ಬರೆಸಿ.

ಮೂರನೇ ಹೆಜ್ಜೆ: ‘ಒಟ್ಟು’ ಅನ್ನುವ ಪದ ಬಿಡಿಸಿ ಬರೆಸಿ

ನನ್ನ ಮಟ್ಟಿಗೆ ಪತ್ರದ ಜೀವ ಇರುವುದೇ ಇಲ್ಲಿ. ಜಾಗ ಹಂಚುವುದಾದರೆ ಸೂಪರ್ ಬಿಲ್ಟ್-ಅಪ್ ಲೆಕ್ಕ ಒಂದೇ ಸಾಲದು. ಅದರಲ್ಲಿ ಮೆಟ್ಟಿಲು, ಲಿಫ್ಟ್, ಲಾಬಿಯಂಥ ಎಲ್ಲರ ಜಾಗದ ಪಾಲನ್ನು ಹೇಗೆ ಬೇಕಾದರೂ ಸೇರಿಸಬಹುದು. ಕಾರ್ಪೆಟ್ ಏರಿಯಾಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲೇ ಅರ್ಥ ಕೊಟ್ಟಿದ್ದಾರೆ: ಮನೆಯೊಳಗೆ ಬಳಸಲು ಸಿಗುವ ಜಾಗ. ಒಳಗಿನ ಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಎರಡೂ ಲೆಕ್ಕದಲ್ಲಿ ಪಾಲು ಬರೆಸಿ. ಕಾರ್ ಪಾರ್ಕಿಂಗ್, ಟೆರೇಸ್, ಮುಂದೆ ಸಿಗಬಹುದಾದ ಹೆಚ್ಚುವರಿ ಎಫ್‌ಎಆರ್ (ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ), ಟಿಡಿಆರ್ ಇವುಗಳ ಹೆಸರು ಹಿಡಿದು ಬರೆಸಿ.

ಮೇಲಿನ ಲೆಕ್ಕಕ್ಕೇ ಟಿಡಿಆರ್‌ನಿಂದ 10,000 ಚದರಡಿ ಸೇರಿತು ಅನ್ನಿ. 70,000ದ ಶೇ 40 ಅಂದರೆ 28,000. ಮೊದಲ ನಕ್ಷೆಗೆ ಕಟ್ಟಿಹಾಕಿದರೆ 24,000. ಅದೊಂದು ಸಾಲಿನ ಬೆಲೆ 4,000 ಚದರಡಿ, ಅಂದರೆ 3.2 ಕೋಟಿ. ಟಿಡಿಆರ್ ಕೊಳ್ಳಲು ಬಿಲ್ಡರ್ ದುಡ್ಡು ಹಾಕಿರುತ್ತಾರೆ, ಅದೂ ನಿಜ. ಆ ಖರ್ಚಿನ ಶೇ 40 ನೀವು ಕೊಟ್ಟರೆ ಆ ಜಾಗದ ಶೇ 40 ನಿಮ್ಮದು ಅಂತ ಬರೆಸಿದರೆ ಇಬ್ಬರಿಗೂ ನ್ಯಾಯ.

ಹಣ ಹಂಚುವುದಾದರೆ ‘ಒಟ್ಟು ಆದಾಯ’ದ ಪಟ್ಟಿ ಮಾಡಿಸಿ. ಜಿಎಸ್‌ಟಿ, ನೋಂದಣಿ ಶುಲ್ಕ, ನಿರ್ವಹಣಾ ಠೇವಣಿ ಸಾಮಾನ್ಯವಾಗಿ ಹೊರಗಿರುತ್ತವೆ, ಅದು ಸರಿ. ಆದರೆ ಕ್ಲಬ್‌ಹೌಸ್ ಶುಲ್ಕ, ಮೇಲಿನ ಮಹಡಿಗೆ ವಸೂಲಿ ಮಾಡುವ ಜಾಸ್ತಿ ದರ, ಪಾರ್ಕಿಂಗ್ ಹಣ, ಬುಕಿಂಗ್ ರದ್ದಾದಾಗ ಹಿಡಿದುಕೊಳ್ಳುವ ಮೊತ್ತ? ಏಜೆಂಟ್ ಕಮಿಷನ್ ಯಾರ ಪಾಲಿನಿಂದ ಹೋಗಬೇಕು? ಬಿಲ್ಡರ್ ತಮ್ಮ ನೆಂಟರಿಗೆ ಕಡಿಮೆ ದರಕ್ಕೆ ಮಾರಿದರೆ? ಅದಕ್ಕೇ ಒಂದು ಕನಿಷ್ಠ ದರ ನಿಗದಿ ಮಾಡಿ.

ನಾಲ್ಕನೇ ಹೆಜ್ಜೆ: ಬಿಲ್ಡರ್ ಪಾಲು ಯಾವಾಗ ಅವರದಾಗುತ್ತದೆ?

ಜೆಡಿಎ ಜೊತೆಗೆ ಬಿಲ್ಡರ್ ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ ಕೂಡ ಬರೆಸಿಕೊಳ್ಳುತ್ತಾರೆ. ಅದರಲ್ಲಿ ಬಿಲ್ಡರ್‌ನ ಹಿತವೂ ಸೇರಿರುವುದರಿಂದ ಆಮೇಲೆ ಸುಮ್ನೆ ರದ್ದು ಮಾಡಲು ಆಗುವುದಿಲ್ಲ. ಆದ್ದರಿಂದ ಮಾರುವ ಅಧಿಕಾರವನ್ನು ಒಂದೇ ಸಲ ಕೊಡಬೇಡಿ. ನಕ್ಷೆ ಮಂಜೂರಾಗಿ, ರೇರಾ ನೋಂದಣಿ ಮುಗಿದು, ಯಾರಿಗೆ ಯಾವ ಫ್ಲ್ಯಾಟ್ ಅನ್ನುವ ಶೇರಿಂಗ್ ಅಗ್ರಿಮೆಂಟ್ ಆದ ಮೇಲೆ ಮೊದಲ ಕಂತು. ಆಮೇಲೆ ಕೆಲಸ ಎದ್ದಂತೆ ಅವರ ಪಾಲಿನ ಫ್ಲ್ಯಾಟ್‌ಗಳನ್ನು ಬಿಡುತ್ತಾ ಹೋಗಿ. ಕೊನೆಯ ಒಂದಿಷ್ಟನ್ನು ಓಸಿ (ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ) ಬರುವ ತನಕ ತಡೆಹಿಡಿಯಿರಿ. ತಡವಾದರೆ ನಿಮ್ಮ ಪಾಲಿನ ಜಾಗಕ್ಕೆ ತಿಂಗಳಿಗೆ ಚದರಡಿಗೆ ಇಷ್ಟು ಅಂತ ಬಾಡಿಗೆ ನಮೂದಿಸಿ.

ಬಿಲ್ಡರ್‌ನಿಂದ ಅಡ್ವಾನ್ಸ್ ಪಡೆದಿದ್ದರೆ ಅದು ವಾಪಸ್ ಕೊಡುವಂಥದ್ದೇ ಅಂತ ನೋಡಿ. ವಾಪಸ್ ಕೊಡಲಾಗದಿದ್ದರೆ ಬದಲಿಗೆ ಫ್ಲ್ಯಾಟ್ ಹಿಡಿದುಕೊಳ್ಳಬಹುದು ಅನ್ನುವ ಸಾಲು ಇರುತ್ತದೆ. ಯಾವ ದರಕ್ಕೆ ಅನ್ನುವುದನ್ನೂ ಅಲ್ಲೇ ಬರೆಸಿ.

ಐದನೇ ಹೆಜ್ಜೆ: ತೆರಿಗೆ ಮತ್ತು ಹೊಣೆ

ನಿಮ್ಮ ಪಾಲಿನ ಫ್ಲ್ಯಾಟ್ ಕಟ್ಟಿಕೊಡುವುದಕ್ಕೂ ಜಿಎಸ್‌ಟಿ ಇದೆ. ಅದನ್ನು ಯಾರು ಭರಿಸಬೇಕು ಅನ್ನುವುದು ಪತ್ರದಲ್ಲಿರಲಿ. ಜಾಗದ ಮಾಲೀಕರು ವ್ಯಕ್ತಿ ಅಥವಾ ಅವಿಭಕ್ತ ಹಿಂದೂ ಕುಟುಂಬವಾಗಿದ್ದರೆ, 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಬಂಡವಾಳ ಲಾಭದ ತೆರಿಗೆ ಬೀಳುವುದು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ವರ್ಷದಲ್ಲಿ. ಇದಕ್ಕೆ ಪತ್ರ ನೋಂದಣಿ ಆಗಿರಲೇಬೇಕು. ಪ್ರಮಾಣಪತ್ರ ಬರುವ ಮುಂಚೆ ನಿಮ್ಮ ಪಾಲು ಮಾರಿದರೆ ಈ ಅನುಕೂಲ ಕೈತಪ್ಪುತ್ತದೆ.

ರೇರಾ ದೃಷ್ಟಿಯಲ್ಲಿ ಕಟ್ಟುವವರು ಬೇರೆ, ಮಾರುವವರು ಬೇರೆ ಇದ್ದರೆ ಇಬ್ಬರೂ ಪ್ರವರ್ತಕರೇ, ಅಂದರೆ ಕೊಂಡವರಿಗೆ ಹೊಣೆಗಾರರೇ. ನಿಮ್ಮ ಪಾಲನ್ನು ನೀವೇ ಮಾರಿದರೆ ಕೊಂಡವರು ನಿಮ್ಮ ಮನೆ ಬಾಗಿಲಿಗೂ ಬರಬಹುದು. ಕಟ್ಟಡದಲ್ಲಿ ದೋಷ ಕಂಡರೆ 5 ವರ್ಷದ ತನಕ ಸರಿಮಾಡಿಕೊಡುವ ಖರ್ಚು ಬಿಲ್ಡರ್‌ದೇ ಅಂತ ಬರೆಸಿ.

ಸಹಿಗೆ ಮುಂಚೆ ಇನ್ನೊಂದು ಕೆಲಸ ಮಾಡಿ. ಮೇಲೆ ಹಾಕಿದಂಥ ಲೆಕ್ಕವನ್ನು ನಿಮ್ಮ ಜಾಗದ ಅಳತೆಯಲ್ಲಿ ಮಾಡಿ, ಹೆಚ್ಚುವರಿ ಮಹಡಿ ಬಂದರೆ ಯಾರಿಗೆ ಎಷ್ಟು ಅನ್ನುವುದನ್ನೂ ಸೇರಿಸಿ, ಪತ್ರದ ಕೊನೆಗೆ ಷೆಡ್ಯೂಲ್ ಆಗಿ ಹಾಕಿಸಿ. ಆ ಪುಟಕ್ಕೂ ಇಬ್ಬರ ಸಹಿ ಇರಲಿ. ನಮ್ಮ ಚಿಕ್ಕಪ್ಪನ ಪತ್ರ 30 ಪುಟ ಇತ್ತು. ಅದರಲ್ಲಿ ಲೆಕ್ಕದ ಪುಟ ಇರಲಿಲ್ಲ.